ಅಮ್ಮನಿಗೆ ಅಳಲೆಕಾಯಿ ಪುಡಿ ಕೊಡಬಹುದೇ?

ಪ್ರಶ್ನೆ: ನಮ್ಮ ಜಮೀನಿನ ಅಂಚಿನಲ್ಲಿ ಒಂದು ದೊಡ್ಡ ಮರ ಇದೆ. ಕೆಲವರು ಅಳಲೆ ಅನ್ನುತ್ತಾರೆ, ಕೆಲವರು ತಾರೆ ಅನ್ನುತ್ತಾರೆ. ನನ್ನ ತಾಯಿಗೆ 67 ವರ್ಷ. ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಾರೆ. ರಕ್ತ ಕಮ್ಮಿ ಇದೆ ಎಂದು ಮೂರು ತಿಂಗಳಿಂದ ಕಬ್ಬಿಣದ ಮಾತ್ರೆಯೂ ನಡೆದಿದೆ. ಈಗ ಎರಡು ತಿಂಗಳಿಂದ ಮಲಬದ್ಧತೆ. ದಿನಾ ರಾತ್ರಿ ಅಳಲೆಕಾಯಿ ಪುಡಿ ಕೊಟ್ಟರೆ ಹೊಟ್ಟೆಯೂ ಸರಿಹೋಗುತ್ತದೆ, ಸಕ್ಕರೆಯೂ ಇಳಿಯುತ್ತದೆ ಎಂದು ನೆಂಟರೊಬ್ಬರು ಹೇಳಿದರು. ಕೊಡಬಹುದೇ? ನಮ್ಮ ಮರದ ಕಾಯಿಯನ್ನೇ ಬಳಸಬಹುದೇ? ಅದರ ಬೀಜ ಎರಡು ವರ್ಷದಿಂದ ಹಾಕುತ್ತಿದ್ದೇನೆ, ಒಂದೂ ಹುಟ್ಟಿಲ್ಲ. ಯಾಕೆ?

ಉತ್ತರ: ಮರದ ವಿಷಯಕ್ಕೆ ಆಮೇಲೆ ಬರೋಣ. ಮೊದಲು ನಿಮ್ಮ ತಾಯಿಯವರ ಮಾತ್ರೆ ನೋಡೋಣ.

ಕಬ್ಬಿಣದ ಮಾತ್ರೆ ಮೂರು ತಿಂಗಳಿಂದ, ಮಲಬದ್ಧತೆ ಎರಡು ತಿಂಗಳಿಂದ ಎಂದು ನೀವೇ ಬರೆದಿದ್ದೀರಿ. ಈ ಎರಡು ಸಾಲನ್ನು ಪಕ್ಕಪಕ್ಕ ಇಟ್ಟು ಇನ್ನೊಮ್ಮೆ ಓದಿ. ಕಬ್ಬಿಣದ ಮಾತ್ರೆ ನುಂಗುವವರಲ್ಲಿ ತುಂಬಾ ಜನಕ್ಕೆ ಹೊಟ್ಟೆ ಕಟ್ಟುತ್ತದೆ. ಮಲ ಗಟ್ಟಿಯಾಗುತ್ತದೆ, ಕಪ್ಪಾಗುತ್ತದೆ. ಅಂದರೆ ನೀವು ಒಂದು ಔಷಧಿ ತಂದ ತೊಂದರೆಗೆ ಇನ್ನೊಂದು ಔಷಧಿ ಹುಡುಕುತ್ತಿರುವ ಸಾಧ್ಯತೆ ಜಾಸ್ತಿ. ಮಾತ್ರೆ ಬರೆದುಕೊಟ್ಟ ವೈದ್ಯರಿಗೆ ಇದನ್ನು ಹೇಳಿದರೆ ಅವರು ಪ್ರಮಾಣ ಇಳಿಸಬಹುದು, ಬೇರೆ ಬಗೆಯ ಕಬ್ಬಿಣ ಕೊಡಬಹುದು, ದಿನ ಬಿಟ್ಟು ದಿನ ತೆಗೆದುಕೊಳ್ಳಿ ಎನ್ನಬಹುದು. ನೀವಾಗಿಯೇ ನಿಲ್ಲಿಸಬೇಡಿ.

ಅದಕ್ಕಿಂತ ಮುಖ್ಯವಾದ ಇನ್ನೊಂದು ಮಾತು. 67ರ ವಯಸ್ಸಿನಲ್ಲಿ ರಕ್ತ ಕಮ್ಮಿ ಯಾಕಾಯಿತು ಅಂತ ಯಾರಾದರೂ ನೋಡಿದ್ದಾರಾ? ಮುಟ್ಟು ನಿಂತು ವರ್ಷಗಳಾದ ಮೇಲೆ ಕಬ್ಬಿಣ ಕಮ್ಮಿಯಾದರೆ, ಕರುಳಿನಲ್ಲಿ ಎಲ್ಲೋ ಸ್ವಲ್ಪಸ್ವಲ್ಪ ರಕ್ತ ಹೋಗುತ್ತಿದೆಯಾ ಎಂದು ಪರೀಕ್ಷೆ ಮಾಡಿಸಬೇಕು. ಅದರ ಜೊತೆಗೆ ಮಲವಿಸರ್ಜನೆಯ ಕ್ರಮ ಹೊಸದಾಗಿ ಬದಲಾಗಿದ್ದರೆ ಇನ್ನೂ ಬೇಗ ಮಾಡಿಸಬೇಕು. ತೂಕ ಇಳಿದಿದ್ದರೆ, ಮಲದಲ್ಲಿ ರಕ್ತ ಕಂಡರೆ, ವಾಂತಿ ಇದ್ದರೆ, ಹೊಟ್ಟೆ ಉಬ್ಬಿ ನೋಯುತ್ತಿದ್ದರೆ ಪುಡಿಯ ಮಾತು ಬಿಟ್ಟು ಈ ವಾರವೇ ತೋರಿಸಿ. ಹೆದರಿಸಲು ಹೇಳುತ್ತಿಲ್ಲ. ಹೆಚ್ಚಿನವರಲ್ಲಿ ಮಾತ್ರೆಯೇ ಕಾರಣವಾಗಿರುತ್ತದೆ. ಆದರೆ ಅದನ್ನು ಖಚಿತ ಮಾಡಿಕೊಳ್ಳದೆ ಪುಡಿ ಕೊಟ್ಟು ಲಕ್ಷಣವನ್ನು ಮುಚ್ಚಿಹಾಕುವುದು ಸರಿಯಲ್ಲ.

ಇನ್ನು ಅಳಲೆಕಾಯಿಗೂ ಕಬ್ಬಿಣದ ಮಾತ್ರೆಗೂ ಇರುವ ಜಗಳದ ವಿಷಯ. ಇದನ್ನು ಬಾಯಲ್ಲಿ ಹೇಳುವ ಬದಲು ಕಣ್ಣಲ್ಲೇ ನೋಡಿಬಿಡಿ. ಒಣಗಿದ ಅಳಲೆಕಾಯಿ ಒಂದನ್ನು ಜಜ್ಜಿ, ಸಿಪ್ಪೆಯನ್ನು ಒಂದು ಲೋಟ ನೀರಿನಲ್ಲಿ ರಾತ್ರಿ ನೆನೆಹಾಕಿ. ಬೆಳಿಗ್ಗೆ ನೀರು ತೆಳು ಚಹದ ಬಣ್ಣಕ್ಕೆ ಬಂದಿರುತ್ತದೆ. ಅದಕ್ಕೆ ತುಕ್ಕು ಹಿಡಿದ ಮೊಳೆ ಒಂದನ್ನು ಬಿಡಿ. ಸ್ವಲ್ಪ ಹೊತ್ತಿಗೆ ಮೊಳೆಯ ಸುತ್ತ ಹೊಗೆ ಎದ್ದ ಹಾಗೆ ಕಪ್ಪು ಬಣ್ಣ ಏಳುತ್ತದೆ. ಸಂಜೆ ನೋಡಿದರೆ ಲೋಟದ ತುಂಬಾ ಮಸಿ. ಹೌದು, ನಿಜವಾದ ಮಸಿ. ಹಳೆಯ ಕಾಲದಲ್ಲಿ ಅಳಲೆಕಾಯಿ ಮತ್ತು ಕಬ್ಬಿಣ ಸೇರಿಸಿಯೇ ಬರೆಯುವ ಮಸಿ ಮಾಡುತ್ತಿದ್ದರು. ನೋಡಿ ಆದಮೇಲೆ ಚೆಲ್ಲಿಬಿಡಿ.

ಶ್ರೀಕಾಳಹಸ್ತಿಯ ಕಲಂಕಾರಿ ಕೆಲಸದವರ ಹೊಟ್ಟೆಪಾಡು ನಿಂತಿರುವುದೇ ಈ ಕಪ್ಪಿನ ಮೇಲೆ. ಅವರು ಬಟ್ಟೆಯನ್ನು ಮೊದಲು ಅಳಲೆಕಾಯಿ ಬೆರೆಸಿದ ಹಾಲಿನಲ್ಲಿ ಅದ್ದಿ ಒಣಗಿಸುತ್ತಾರೆ. ಕಬ್ಬಿಣದ ಚೂರುಗಳಿಗೆ ಬೆಲ್ಲ, ನೀರು ಕೂಡಿಸಿ ದಿನಗಟ್ಟಲೆ ಹುಳಿಬರಿಸಿದ ದ್ರವದಲ್ಲಿ ಬಿದಿರಿನ ಕಲಮು ಅದ್ದಿ ಗೆರೆ ಎಳೆಯುತ್ತಾರೆ. ಕಲಮಿನಲ್ಲಿ ಇರುವಾಗ ಆ ದ್ರವಕ್ಕೆ ಹೇಳಿಕೊಳ್ಳುವಂಥ ಬಣ್ಣ ಇಲ್ಲ. ಬಟ್ಟೆಗೆ ತಾಗಿದ ಮೇಲೆ ಗೆರೆ ಕಪ್ಪಾಗುತ್ತದೆ. ಹಾಲಿನ ಜಿಡ್ಡು ಅದು ಹರಡದಂತೆ ಹಿಡಿಯುತ್ತದೆ.

ಇದೆಲ್ಲ ಟ್ಯಾನಿನ್‌ನ ಆಟ. ಅಳಲೆಕಾಯಿಯ ಒಗರು ಅಂದರೆ ಟ್ಯಾನಿನ್. ಒಣಸಿಪ್ಪೆಯಲ್ಲಿ ಸುಮಾರು ಮೂರನೇ ಒಂದು ಪಾಲು ಅದೇ ಇರುತ್ತದೆ. ಚೆಬುಲಾಜಿಕ್ ಆಮ್ಲ, ಚೆಬುಲಿನಿಕ್ ಆಮ್ಲ, ಗ್ಯಾಲಿಕ್ ಆಮ್ಲ ಎಂದು ರಸಾಯನಶಾಸ್ತ್ರದವರು ಹೆಸರಿಸುವುದೆಲ್ಲ ಈ ಬಳಗದವೇ. ಇವು ಕಬ್ಬಿಣ ಸಿಕ್ಕಿದರೆ ತಬ್ಬಿ ಹಿಡಿಯುತ್ತವೆ. ಲೋಟದಲ್ಲಿ ಹೇಗೋ ಹೊಟ್ಟೆಯಲ್ಲೂ ಹಾಗೇ. ತಾಯಿಯವರು ರಾತ್ರಿ ಕಬ್ಬಿಣದ ಮಾತ್ರೆ ನುಂಗಿ, ಮೇಲೆ ಅಳಲೆ ಪುಡಿ ತೆಗೆದುಕೊಂಡರೆ ಆ ಕಬ್ಬಿಣದಲ್ಲಿ ಒಂದು ಪಾಲು ಮೈಗೆ ಹತ್ತದೆ ಹೊರಗೆ ಹೋಗುತ್ತದೆ. ನಾಲ್ಕು ತಿಂಗಳಾದ ಮೇಲೆ ರಕ್ತ ಏರಿಲ್ಲವಲ್ಲ ಎಂದು ಮಾತ್ರೆಯನ್ನು ಬೈಯುತ್ತೀರಿ. ಊಟವಾದ ಕೂಡಲೇ ಟೀ ಬೇಡ ಅನ್ನುವುದೂ ಇದೇ ಕಾರಣಕ್ಕೆ.

ಹಾಗಾದರೆ ನಿಮ್ಮ ನೆಂಟರು ಹೇಳಿದ್ದು ಸುಳ್ಳಾ? ಅಲ್ಲ. ಅರ್ಧ ಹೇಳಿದ್ದಾರೆ. ಮನೆಯಲ್ಲಿ ತಾಯಿ ಇಲ್ಲದವನಿಗೆ ಅಳಲೆಯೇ ತಾಯಿ, ತಾಯಿಗಾದರೂ ಒಮ್ಮೊಮ್ಮೆ ಸಿಟ್ಟು ಬಂದೀತು, ಹೊಟ್ಟೆಗೆ ಹೋದ ಅಳಲೆಗೆ ಸಿಟ್ಟು ಬರುವುದಿಲ್ಲ ಎಂಬ ಅರ್ಥದ ಸಂಸ್ಕೃತ ಶ್ಲೋಕ ಒಂದಿದೆ. ಅಳಲೆಯ ಮಾತು ಬಂದರೆ ಎಲ್ಲರೂ ಅದನ್ನೇ ಹೇಳುತ್ತಾರೆ. ಚೆಂದದ ಶ್ಲೋಕ. ಆದರೆ ಅದೇ ವೈದ್ಯ ಪರಂಪರೆ ಯಾರು ಅಳಲೆ ತಿನ್ನಬಾರದು ಎಂಬ ಪಟ್ಟಿಯನ್ನೂ ಕೊಟ್ಟಿದೆ, ಅದನ್ನು ಯಾರೂ ಹೇಳುವುದಿಲ್ಲ. ದಾರಿ ನಡೆದು ದಣಿದವರು, ಶಕ್ತಿ ಕುಂದಿದವರು, ಬಡಕಲಾದವರು, ಉಪವಾಸದಿಂದ ಸೊರಗಿದವರು, ಪಿತ್ತ ಜಾಸ್ತಿ ಇರುವವರು, ಬಸುರಿಯರು, ರಕ್ತ ತೆಗೆಸಿಕೊಂಡವರು ಅಳಲೆ ತಿನ್ನಬಾರದು ಎಂದು ಭಾವಪ್ರಕಾಶ ಎಂಬ ಹಳೆಯ ಆಯುರ್ವೇದ ಗ್ರಂಥದಲ್ಲಿದೆ. ನಿಮ್ಮ ತಾಯಿಯವರಿಗೆ ರಕ್ತ ಕಮ್ಮಿ, ಸುಸ್ತೂ ಇರಬಹುದು. ಆ ಪಟ್ಟಿಯ ಹತ್ತಿರ ಹತ್ತಿರವೇ ಇದ್ದಾರೆ, ಅಲ್ವಾ?

ಈ ಕಾಯಿಯ ವಿಚಿತ್ರ ಎಂದರೆ ಹೊಟ್ಟೆ ಬಿಡಿಸುವುದೂ ಇದೇ, ಕಟ್ಟುವುದೂ ಇದೇ. ಭಾವಪ್ರಕಾಶ ಇದನ್ನು ಒಂದೇ ಶ್ಲೋಕದಲ್ಲಿ ಹೇಳಿ ಮುಗಿಸುತ್ತದೆ. ಅಗಿದು ತಿಂದರೆ ಹಸಿವು ಹೆಚ್ಚುತ್ತದೆ. ಅರೆದು ತೆಗೆದುಕೊಂಡರೆ ಮಲ ಹೋಗುತ್ತದೆ. ಬೇಯಿಸಿದ್ದು ಮಲ ಕಟ್ಟುತ್ತದೆ. ಹುರಿದದ್ದು ಮೂರು ದೋಷಕ್ಕೂ ಒಳ್ಳೆಯದು. ಕಾಯಿ ಒಂದೇ, ಮಾಡುವ ಬಗೆ ಬೇರೆ, ಕೆಲಸ ಬೇರೆ. ಇದಕ್ಕೆ ಇಂದಿನ ವಿವರಣೆಯೂ ಸ್ವಲ್ಪ ಮಟ್ಟಿಗೆ ಸಿಗುತ್ತದೆ. ಟ್ಯಾನಿನ್ ಕರುಳಿನ ಒಳಪದರದ ಪ್ರೋಟೀನನ್ನು ಬಿಗಿಮಾಡಿ ಸ್ರಾವ ತಗ್ಗಿಸುತ್ತದೆ, ಅದು ಕಟ್ಟುವ ಕೆಲಸ. ಇದರಲ್ಲಿ ಆಂಥ್ರಾಕ್ವಿನೋನ್ ಗುಂಪಿನ ಅಂಶವೂ ಇದೆ. ಸೋನಾಮುಖಿ ಎಲೆ ಭೇದಿ ಮಾಡಿಸುವುದು ಆ ಗುಂಪಿನ ಬಲದಿಂದಲೇ.

ನನ್ನ ಹತ್ತಿರ ಬಂದಿದ್ದ ಒಬ್ಬ ಅಜ್ಜನ ನೆನಪಾಗುತ್ತದೆ. ಹೊಟ್ಟೆ ಕಟ್ಟಿದೆ ಎಂದು ದಿನಾ ನಾಲ್ಕು ಅಳಲೆಕಾಯಿ ಕುದಿಸಿ, ಅರ್ಧಕ್ಕೆ ಇಳಿಸಿ, ಆ ಕಷಾಯ ಕುಡಿಯುತ್ತಿದ್ದರು. ಹದಿನೈದು ದಿನದಲ್ಲಿ ಇನ್ನೂ ಬಿಗಿಯಾಯಿತು. ಕಾಯಿ ಚೆನ್ನಾಗಿಲ್ಲ, ಇನ್ನೂ ಎರಡು ಹಾಕಲಾ ಅಂತ ಕೇಳಲು ಬಂದಿದ್ದರು. ಕಾಯಿ ಚೆನ್ನಾಗಿಯೇ ಇತ್ತು. ಅವರು ಭೇದಿಗೆ ಮಾಡುವ ಔಷಧಿಯನ್ನು ಮಲಬದ್ಧತೆಗೆ ಕುಡಿಯುತ್ತಿದ್ದರು. ಕನ್ನಡದಲ್ಲಿ ‘ಅಳಲೆಕಾಯಿ ಪಂಡಿತ’ ಅಂತ ಬೈಗುಳ ಇದೆಯಲ್ಲ, ಅದು ಅಳಲೆಕಾಯಿಯ ಮೇಲಿನ ಬೈಗುಳ ಅಲ್ಲ ಎಂದು ನನಗೆ ಅನ್ನಿಸುವುದು ಇದಕ್ಕೇ. ಯಾರು ಬಂದರೂ, ಏನೇ ಕಾಯಿಲೆ ಹೇಳಿದರೂ, ಚೀಲಕ್ಕೆ ಕೈಹಾಕಿ ಅದೊಂದೇ ಕಾಯಿ ತೆಗೆದುಕೊಡುವವನಿಗೆ ಅಂಟಿದ ಹೆಸರು ಅದು.

ಕಾಯಿಯ ವಯಸ್ಸೂ ಲೆಕ್ಕಕ್ಕೆ ಬರುತ್ತದೆ. ಬೀಜ ಇನ್ನೂ ಗಟ್ಟಿಯಾಗದ ಎಳೆಗಾಯಿ ಒಣಗಿದರೆ ಸಣ್ಣಗೆ, ಕಪ್ಪಗೆ ಮುರುಟಿಕೊಳ್ಳುತ್ತದೆ. ಯುನಾನಿಯವರು ಇದನ್ನು ಹಲೀಲಾ ಸಿಯಾಹ್, ಅಂದರೆ ಕಪ್ಪು ಅಳಲೆ ಎನ್ನುತ್ತಾರೆ. ಅರೆಬಲಿತ ಹಳದಿಯದು ಹಲೀಲಾ ಜರ್ದ್. ಪೂರ್ತಿ ಬಲಿತ ದಪ್ಪನೆಯದು ಹಲೀಲಾ ಕಾಬೂಲಿ. ಮೂರೂ ಒಂದೇ ಮರದವು, ಆದರೆ ಅವರು ಬೇರೆಬೇರೆ ಔಷಧಿಗಳಂತೆಯೇ ಬಳಸುತ್ತಾರೆ. ಆಯುರ್ವೇದದ ಪುಸ್ತಕಗಳಲ್ಲಿ ವಿಜಯಾ, ರೋಹಿಣಿ, ಪೂತನಾ, ಅಮೃತಾ, ಅಭಯಾ, ಜೀವಂತಿ, ಚೇತಕಿ ಎಂದು ಏಳು ಜಾತಿ ಹೇಳಿದ್ದಾರೆ. ನಿಮಗೆ ಆ ಗೊಂದಲ ಬೇಡ. ಒಳ್ಳೆಯ ಕಾಯಿ ಗುರುತಿಸಲು ಅವೇ ಪುಸ್ತಕಗಳು ಹೇಳುವ ಉಪಾಯ ಸಾಕು. ಹೊಸದಾಗಿರಬೇಕು, ತುಂಬಿಕೊಂಡಿರಬೇಕು, ಕೈಗೆ ಭಾರ ಅನ್ನಿಸಬೇಕು, ನೀರಿಗೆ ಹಾಕಿದರೆ ಮುಳುಗಬೇಕು. ತೇಲುವ ಕಾಯಿಯ ಒಳಗೆ ಹೆಚ್ಚಾಗಿ ಹುಳ ಕೊರೆದಿರುತ್ತದೆ, ಇಲ್ಲವೇ ಸಿಪ್ಪೆ ಟೊಳ್ಳಾಗಿರುತ್ತದೆ.

ಈಗ ನಿಮ್ಮ ಮರಕ್ಕೆ ಬರೋಣ. ಅಳಲೆ, ತಾರೆ, ಮತ್ತಿ, ಹೊಳೆಮತ್ತಿ ಎಲ್ಲವೂ ಟರ್ಮಿನೇಲಿಯ ಎಂಬ ಒಂದೇ ಕುಲದವು. ದಾಯಾದಿಗಳು. ಹಾಗಾಗಿ ದೂರದಿಂದ ನೋಡಿ ಜಗಳ ಆಡುವುದು ಸಹಜ. ಮತ್ತಿ, ಹೊಳೆಮತ್ತಿಗಳ ಕಾಯಿಗೆ ಐದು ರೆಕ್ಕೆ ಇರುತ್ತದೆ, ತಿರುಳು ಇರುವುದಿಲ್ಲ. ಅವನ್ನು ಮೊದಲೇ ಬಿಟ್ಟುಬಿಡಿ. ಉಳಿದದ್ದು ಅಳಲೆ ಮತ್ತು ತಾರೆ. ಎಲೆ ನೋಡಿ. ತಾರೆಯ ಎಲೆ ಅಗಲ, ಉದ್ದ ತೊಟ್ಟು, ಎಲ್ಲ ಕೊಂಬೆಯ ತುದಿಯಲ್ಲಿ ಗುಂಪುಕಟ್ಟಿರುತ್ತವೆ. ಅಳಲೆಯ ಎಲೆಗಳು ರೆಂಬೆಯ ಉದ್ದಕ್ಕೂ ಬಿಡಿಬಿಡಿಯಾಗಿ, ಕೆಲವು ಕಡೆ ಹೆಚ್ಚುಕಡಿಮೆ ಎದುರುಬದುರಾಗಿ ಇರುತ್ತವೆ. ತೊಟ್ಟು ಎಲೆಗೆ ಸೇರುವ ಜಾಗದ ಬಳಿ ಸಾಸಿವೆಗಿಂತ ಸಣ್ಣ ಎರಡು ಗುಬುಟು ಕಾಣಿಸುತ್ತವೆ. ಬೆರಳಾಡಿಸಿದರೆ ತಿಳಿಯುತ್ತದೆ.

ಎಲೆಯಿಂದ ತಿಳಿಯದಿದ್ದರೆ ಕಾಯಿ ಇದೆಯಲ್ಲ. ತಾರೆಕಾಯಿ ದುಂಡಗೆ, ಬೂದು ಮಿಶ್ರಿತ ಕಂದು, ಮೈಮೇಲೆ ಮಖಮಲ್ಲಿನಂಥ ನವಿರು ರೋಮ. ಅಳಲೆಕಾಯಿ ನುಣುಪು, ಉದ್ದುದ್ದ, ಹಸಿರಿನಿಂದ ಹಳದಿಗೆ ತಿರುಗುತ್ತದೆ, ಒಣಗಿದರೆ ಐದು ಏಣು ಎದ್ದು ಕಾಣುತ್ತವೆ. ಇನ್ನೂ ಅನುಮಾನ ಇದ್ದರೆ ಬಲಿತ ಹಸಿಕಾಯಿಯ ಚೂರೊಂದನ್ನು ಬಾಯಿಗೆ ಹಾಕಿ ಅಗಿದು ಉಗಿಯಿರಿ. ನಾನು ಮೊದಲ ಸಲ ಹಾಗೆ ಮಾಡಿದಾಗ ನಾಲಿಗೆಯನ್ನು ಯಾರೋ ಒರಸುಬಟ್ಟೆಯಲ್ಲಿ ಒರಸಿದ ಹಾಗಾಯಿತು. ತುಟಿ ಹಲ್ಲಿಗೆ ಅಂಟಿಕೊಂಡಿತು. ಐದು ನಿಮಿಷ ಬಿಟ್ಟು ನೀರು ಕುಡಿದರೆ ಆ ನೀರು ಸಿಹಿ! ಉಪ್ಪೊಂದು ಬಿಟ್ಟು ಉಳಿದ ಐದೂ ರುಚಿ ಅಳಲೆಯಲ್ಲಿ ಇವೆ ಎಂದು ಹಳಬರು ಬರೆದದ್ದು ಯಾಕೆ ಎಂದು ಆವತ್ತು ಸ್ವಲ್ಪ ಅರ್ಥವಾಯಿತು.

ನೀವು ಹುಡುಗರಿದ್ದಾಗ ತಾರೆಕಾಯಿಯ ಬೀಜ ಒಡೆದು ಒಳಗಿನ ತಿರುಳು ತಿಂದಿರಬಹುದು. ಒಂದೆರಡಾದರೆ ಪರವಾಗಿಲ್ಲ. ಜಾಸ್ತಿ ತಿಂದರೆ ತಲೆ ತಿರುಗಿ ಮಂಕು ಹಿಡಿಯುತ್ತದೆ ಅನ್ನುತ್ತಾರೆ. ಮಕ್ಕಳಿಗೆ ಹೇಳಿಡಿ.

ನಿಮ್ಮದು ಅಳಲೆಯೇ ಎಂದು ಖಚಿತವಾದರೆ ಅದರ ಕಾಯಿ ಧಾರಾಳವಾಗಿ ಬಳಸಬಹುದು. ಕಾಯಿ ತಾನಾಗಿ ಉದುರುವ ಹೊತ್ತಿಗೆ, ಹೆಚ್ಚುಕಮ್ಮಿ ಜನವರಿಯಿಂದ ಮಾರ್ಚ್ ಒಳಗೆ, ಮರದ ಬುಡ ಗುಡಿಸಿ ದಿನಾ ಆಯ್ದುಕೊಳ್ಳಿ. ನೆಲದಲ್ಲೇ ಬಿಟ್ಟರೆ ಬೂಷ್ಟು ಹಿಡಿಯುತ್ತದೆ, ಬೂಷ್ಟು ಹಿಡಿದ ಕಾಯಿ ಔಷಧಿಗೆ ಬೇಡವೇ ಬೇಡ. ತೆಳುವಾಗಿ ಹರಡಿ ಅಲ್ಲಾಡಿಸಿದರೆ ಗಟ್ಟಿ ಸದ್ದು ಬರುವ ತನಕ ಒಣಗಿಸಿ. ಪುಡಿ ಮಾಡುವಾಗ ಬೀಜ ತೆಗೆದುಬಿಡಿ. ಔಷಧಿ ಇರುವುದು ಸಿಪ್ಪೆಯ ತಿರುಳಿನಲ್ಲಿ. ಬೀಜ ಸಮೇತ ರುಬ್ಬಿದರೆ ತೂಕ ಬರುತ್ತದೆ, ಗುಣ ಬರುವುದಿಲ್ಲ. ಸಿಪ್ಪೆಯನ್ನು ಕಬ್ಬಿಣದ ಕುಟ್ಟಾಣಿಯಲ್ಲಿ ಒದ್ದೆಯಾಗಿ ಕುಟ್ಟಬೇಡಿ. ಯಾಕೆ ಅಂತ ಮೊಳೆಯ ಲೋಟ ಆಗಲೇ ಹೇಳಿದೆ.

ತಾಯಿಯವರಿಗೆ ಕೊಡುವ ಮಾತು. ಭಾರತದ ಆಯುರ್ವೇದ ಔಷಧಕೋಶ ಅಳಲೆ ಪುಡಿಗೆ ದಿನಕ್ಕೆ 3ರಿಂದ 6 ಗ್ರಾಂ ಎಂದು ಪ್ರಮಾಣ ಹೇಳುತ್ತದೆ. ಅದು ಗಟ್ಟಿಮುಟ್ಟಾದ ವಯಸ್ಕರ ಲೆಕ್ಕ. ರಕ್ತದ ಪರೀಕ್ಷೆ, ಹೊಟ್ಟೆಯ ಪರೀಕ್ಷೆ ಆಗಿ, ಬೇರೆ ತೊಂದರೆ ಇಲ್ಲ ಎಂದಾದ ಮೇಲೆ, ಅವರ ವೈದ್ಯರಿಗೂ ತಿಳಿಸಿ, ಅರ್ಧ ಚಮಚ ಪುಡಿಯನ್ನು ಬಿಸಿನೀರಿನಲ್ಲಿ ಮಲಗುವ ಮುಂಚೆ ಕೊಡಬಹುದು. ಚಮಚ ಅಂದರೆ ಟೀ ಚಮಚ. ಕುದಿಸಬೇಡಿ, ಸುಮ್ನೆ ಕಲಸಿ. ಕಬ್ಬಿಣದ ಮಾತ್ರೆ ಬೆಳಿಗ್ಗೆ, ಪುಡಿ ರಾತ್ರಿ, ಇಷ್ಟು ದೂರ ಇರಲಿ. ಎರಡು ವಾರ ನೋಡಿ. ಸರಿಹೋದರೆ ನಿಲ್ಲಿಸಿ. ಸರಿಹೋಗದಿದ್ದರೆ ಪುಡಿ ಹೆಚ್ಚಿಸಬೇಡಿ, ಅದೂ ನಿಲ್ಲಿಸಿ. ಹೊಟ್ಟೆ ಹಿಂಡಿದರೆ, ಭೇದಿಯಾದರೆ ಆವತ್ತೇ ಬಿಡಿ. ಇದರ ಜೊತೆ ನೀರು ಎಷ್ಟು ಕುಡಿಯುತ್ತಿದ್ದಾರೆ, ಊಟದಲ್ಲಿ ಸೊಪ್ಪು ತರಕಾರಿ ಇದೆಯಾ, ಓಡಾಟ ಇದೆಯಾ ಗಮನಿಸಿ. ಹಲ್ಲು ನೋವು ಅಂತ ಮೆತ್ತನೆಯದೇ ತಿನ್ನುತ್ತಿರುವ ಹಿರಿಯರು ಎಷ್ಟೋ ಜನ.

ಸಕ್ಕರೆ ಇಳಿಯುತ್ತದೆ ಅನ್ನುವುದನ್ನು ಎಷ್ಟು ನಂಬಬೇಕು? ಅಳಲೆಯ ಚೆಬುಲಾಜಿಕ್ ಆಮ್ಲ, ಕರುಳಿನಲ್ಲಿ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವ ಒಂದು ಕಿಣ್ವವನ್ನು ತಡೆಯುತ್ತದೆ ಎಂದು ಪ್ರಯೋಗಶಾಲೆಯಲ್ಲಿ ಕಂಡಿದ್ದಾರೆ. ಇಲಿಗಳಲ್ಲಿ ಸಕ್ಕರೆ ಇಳಿದದ್ದೂ ಇದೆ. ಅಲ್ಲಿಂದ ನಿಮ್ಮ ತಾಯಿಯ ಮಾತ್ರೆಯ ಜಾಗಕ್ಕೆ ಪುಡಿ ತರುವುದು ದೊಡ್ಡ ಜಿಗಿತ. ಮಾತ್ರೆ ಬಿಡಬಾರದು. ಎರಡೂ ಒಟ್ಟಿಗೆ ನಡೆದರೆ ಸಕ್ಕರೆ ತೀರಾ ಇಳಿಯಬಹುದು ಎಂಬ ಎಚ್ಚರವೂ ಬೇಕು. ಬೆವರು, ನಡುಕ, ಕಣ್ಣು ಕತ್ತಲೆ ಬಂದರೆ ಪರೀಕ್ಷಿಸಿ. ಒಂದು ಮಾತು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಎಳೆ ಮಗುವಿಗೆ ಅಳಲೆ ತೇದು ನೆಕ್ಕಿಸುವ ಅಭ್ಯಾಸ ಮನೆಯಲ್ಲಿ ಇದ್ದರೆ ಬಿಡಿ. ಆರು ತಿಂಗಳವರೆಗೆ ತಾಯಿಯ ಹಾಲು ಬಿಟ್ಟು ಬೇರೇನೂ ಬೇಡ.

ಇಷ್ಟೆಲ್ಲ ಕಡಿವಾಣ ಹಾಕಿದ್ದು ನೋಡಿ ನಾನು ಅಳಲೆಯ ವಿರೋಧಿ ಅಂದುಕೊಳ್ಳಬೇಡಿ. ನನಗೆ ಈ ಮರದ ಮೇಲೆ ಪ್ರೀತಿ ಜಾಸ್ತಿಯೇ. ಚರಕ ಸಂಹಿತೆಯ ಚಿಕಿತ್ಸಾಸ್ಥಾನ ಶುರುವಾಗುವುದೇ ಅಳಲೆ ಮತ್ತು ನೆಲ್ಲಿಯಿಂದ, ಮೊದಲ ಪಾದದ ಹೆಸರೇ ಅಭಯಾಮಲಕೀಯ. ಬುದ್ಧನ ಕಾಲದ ಭಿಕ್ಷುಗಳಿಗೆ ಔಷಧಿಯಾಗಿ ಇಟ್ಟುಕೊಳ್ಳಲು ಅನುಮತಿ ಇದ್ದ ಕಾಯಿಗಳಲ್ಲಿ ಅಳಲೆ, ತಾರೆ, ನೆಲ್ಲಿ ಮೂರೂ ಇದ್ದವು. ಅವರ ಜೊತೆಗೇ ಇದು ಊರೂರು ಸುತ್ತಿತು. ಟಿಬೆಟ್‌ನಲ್ಲಿ ಇದರ ಹೆಸರು ಅರುರ. ಅಲ್ಲಿನ ಚಿತ್ರಗಳಲ್ಲಿ ನೀಲಿ ಮೈಯ ಭೈಷಜ್ಯಗುರು ಬುದ್ಧ ಬಲಗೈಯಲ್ಲಿ ಹಿಡಿದಿರುವುದು ಅಳಲೆಯ ಟೊಂಗೆಯನ್ನೇ. ಥಾಯ್ಲೆಂಡಿನಲ್ಲಿ ಸಮೋ, ಚೀನಾದಲ್ಲಿ ಹೆಝಿ. ಚೀನಾದವರು ಇದನ್ನು ಹಳೆಯ ಕೆಮ್ಮಿಗೆ, ಕಟ್ಟಿದ ದನಿಗೆ, ನಿಲ್ಲದ ಭೇದಿಗೆ ಕೊಡುತ್ತಾರೆ. ಅಂದರೆ ಅವರು ಹಿಡಿದುಕೊಂಡದ್ದು ಅದರ ಕಟ್ಟುವ ಗುಣವನ್ನು. ಜಪಾನಿನ ನಾರಾದಲ್ಲಿ 756ರಲ್ಲಿ ಮಹಾಬುದ್ಧನಿಗೆ ಅರ್ಪಿಸಿದ 60 ಔಷಧಿಗಳ ಪಟ್ಟಿಯಲ್ಲೂ ಅಳಲೆಯ ಹೆಸರಿದೆ. ಅಲ್ಲಿ ಈ ಮರ ಬೆಳೆಯುವುದೇ ಇಲ್ಲ. ಒಣಕಾಯಿ ಅಷ್ಟು ದೂರ ಕೆಡದೆ ಹೋಯಿತಲ್ಲ, ಅದಕ್ಕೂ ಒಗರೇ ಕಾರಣ ಇರಬೇಕು.

ಇನ್ನು ಬೀಜ. ನೀವು ಬಹುಶಃ ಒಣಗಿದ ಕಾಯಿಯನ್ನು ಇದ್ದಹಾಗೇ ಮಣ್ಣಿಗೆ ಹಾಕಿದ್ದೀರಿ. ಹುಟ್ಟುವುದಿಲ್ಲ. ಓಟೆ ಕಲ್ಲಿನ ಹಾಗಿರುತ್ತದೆ, ನೀರು ಒಳಗೆ ಇಳಿಯುವುದಿಲ್ಲ. ಜೊತೆಗೆ ಮೇಲಿನ ಸಿಪ್ಪೆಯ ಒಗರು ಬೇರೆ. ಈ ಸಲ ಹೊಸದಾಗಿ ಉದುರಿದ, ಹಳದಿಗೆ ತಿರುಗಿದ ಕಾಯಿ ಆಯ್ದು ಸಿಪ್ಪೆಯನ್ನು ಪೂರ್ತಿ ಕಿತ್ತುಹಾಕಿ ಓಟೆ ತೊಳೆಯಿರಿ. ಓಟೆಯ ಒಂದು ತುದಿ ಚೂಪು, ಇನ್ನೊಂದು ಅಗಲ. ಅಗಲದ ತುದಿಯನ್ನು ಕತ್ತರಿಯಿಂದ ಸ್ವಲ್ಪವೇ ಕತ್ತರಿಸಿ, ಒಳಗಿನ ಬಿಳಿ ತಿರುಳಿಗೆ ತಾಗಬಾರದು. ಮೊದಲ ನಾಲ್ಕೈದು ಹಾಳಾಗುತ್ತವೆ, ಆಮೇಲೆ ಕೈ ಪಳಗುತ್ತದೆ. ಹೀಗೆ ಕತ್ತರಿಸಿದ್ದನ್ನು ತಣ್ಣೀರಿನಲ್ಲಿ ಒಂದೂವರೆ ದಿನ ನೆನೆಸಿ, ಮರಳು ಬೆರೆಸಿದ ಮಣ್ಣು ತುಂಬಿದ ಚೀಲಕ್ಕೆ ಒಂದೊಂದಾಗಿ ಹಾಕಿ. ನೂರಕ್ಕೆ ನೂರು ಹುಟ್ಟುವ ಜಾತಿ ಇದಲ್ಲ, ನಾಲ್ಕು ಗಿಡ ಬೇಕಿದ್ದರೆ ಇಪ್ಪತ್ತು ಹಾಕಿ. ಹುಟ್ಟಿದ ಮೇಲೂ ಬೆಳೆಯುವುದು ನಿಧಾನ, ಬಿಸಿಲು ಚೆನ್ನಾಗಿ ಬೇಕು, ದೊಡ್ಡ ಮರದ ನೆರಳಿಗೆ ಇಟ್ಟರೆ ಮುನಿಸಿಕೊಳ್ಳುತ್ತದೆ. ಒಂದು ತಿಂಗಳಾದರೂ ಏನೂ ಕಾಣಲಿಲ್ಲ ಎಂದು ಚೀಲದ ಮಣ್ಣು ಚೆಲ್ಲಿಬಿಡಬೇಡಿ.